ಮಾತು ಬಿಟ್ಟ ಮನೆಯ ಕಣಿಕಿ

ದೊಡ್ಡ ಸಿಸ್ಟರ್ ತೀರಿಕೊಂಡರೆಂದು ಫೋನು ಬಂದಾಗ ನಾನು ಎರಡನೇ ತರಗತಿಯ ಮಕ್ಕಳಿಗೆ ಕಾಗುಣಿತ ಬರೆಸುತ್ತಿದ್ದೆ. ಆಗಮನ ಕಾಲ ಶುರುವಾಗಿ ನಾಲ್ಕು ದಿನವಾಗಿತ್ತು. ಕ್ರಿಸ್‌ಮಸ್ಸಿಗೆ ಮೊದಲಿನ ನಾಲ್ಕು ವಾರಗಳನ್ನು ಕ್ರೈಸ್ತರು ಹಾಗೆ ಕರೆಯುತ್ತಾರೆ. ದೇವರು ಬರುತ್ತಾನೆ, ಮನೆಯನ್ನೂ ಮನಸ್ಸನ್ನೂ ಹಸನು ಮಾಡಿಕೊಂಡು ಕಾಯಬೇಕು ಎನ್ನುವ ಕಾಲ. ನಾನು ಕ್ರೈಸ್ತಳಲ್ಲ, ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಆದರೂ ಮುದ್ದೇಬಿಹಾಳದ ಈ ಕ್ರೈಸ್ತ ಶಾಲೆಗೆ ಸೇರಿದಾಗಿನಿಂದ ಆ ನಾಲ್ಕು ವಾರಗಳು ನನಗೂ ಸಂಬಂಧಪಟ್ಟವೇ ಆಗಿಬಿಟ್ಟಿವೆ. ಅದಕ್ಕೆ ಕಾರಣ ದೊಡ್ಡ ಸಿಸ್ಟರ್ ಒಬ್ಬರೇ.

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಶಾಲೆಯ ಗೋಡೆಯ ಮೇಲೆ ಹೆಸರು ಬರೆಸಲು ಹೋದ ಪಾಲಕರನ್ನು ಬೈದು ಕಳಿಸಿದವರು ಅವರು. ದೊಡ್ಡ ಸಿಸ್ಟರ್ ಎಂದರೆ ಆಳೆತ್ತರದವರೆಂದು ತಿಳಿಯಬೇಡಿ. ನನ್ನ ಭುಜಕ್ಕೆ ಬರುತ್ತಿದ್ದರು. ಶಾಲೆಯಲ್ಲಿ ಇನ್ನೊಬ್ಬ ಚಿಕ್ಕ ವಯಸ್ಸಿನ ಸಿಸ್ಟರ್ ಇದ್ದುದರಿಂದ ಇವರು ದೊಡ್ಡವರಾದರು, ಅಷ್ಟೇ. ಕರಾವಳಿಯ ಕಡೆಯಿಂದ ಹರೆಯದಲ್ಲೇ ಸನ್ಯಾಸಿನಿಯಾಗಿ ಇಲ್ಲಿಗೆ ಬಂದವರು. ಬಂದ ಹೊಸದರಲ್ಲಿ ಪುಸ್ತಕದ ಕನ್ನಡ ಮಾತಾಡಿ ಮಂದಿಯನ್ನು ನಗಿಸುತ್ತಿದ್ದರಂತೆ. ನಾನು ನೋಡುವ ಹೊತ್ತಿಗೆ ಸಂತೆಯ ಹೆಣ್ಣುಮಕ್ಕಳನ್ನೂ ಮೀರಿಸುವಂತೆ ನಮ್ಮ ಮಾತು ಕಲಿತಿದ್ದರು. ದೇವರ ಜೊತೆಗೂ 'ರಿ' ಹಚ್ಚಿಯೇ ಮಾತು. ಒಬ್ಬರೇ ಕುಳಿತು "ಕರುಣಾ ಇರ್ಲಿರಿ ಸ್ವಾಮಿ, ಈ ಹುಡುಗ್ರ ಮ್ಯಾಲೂ ಇರ್ಲಿ, ಈ ಮುದುಕಿ ಮ್ಯಾಲೂ ಇರ್ಲಿ" ಎನ್ನುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

ಸಿಟ್ಟು ಅವರ ಮೂಗಿನ ಮೇಲೆಯೇ ಇರುತ್ತಿತ್ತು. ಇದನ್ನು ಮುಚ್ಚಿಟ್ಟು ಬರೆದರೆ ಸತ್ತವರಿಗೆ ಸುಳ್ಳು ಹೂವು ಏರಿಸಿದಂತಾಗುತ್ತದೆ. ಒಂದು ಸಲ ತಾಯಿಯೊಬ್ಬಳು ಮಗಳನ್ನು ದಿನಾಲೂ ತಡಮಾಡಿ ಕಳಿಸುತ್ತಾಳೆಂದು ಗೇಟಿನಲ್ಲಿ ನಾಲ್ಕು ಮಂದಿಯ ಮುಂದೆ ಬಾಯಿಗೆ ಬಂದಂತೆ ಬೈದರು. ಆಕೆ ಹಾಸಿಗೆ ಹಿಡಿದ ಅತ್ತೆಯ ಮೈ ತೊಳೆದು ಬರುತ್ತಿದ್ದಳೆಂದು ಆಮೇಲೆ ತಿಳಿಯಿತು. ಅದೇ ಸಂಜೆ ದೊಡ್ಡ ಸಿಸ್ಟರ್ ಕೊಡೆ ಹಿಡಿದುಕೊಂಡು ಆಕೆಯ ಓಣಿಗೆ ಹೋದರು. ನಾನೂ ಜೊತೆಗಿದ್ದೆ. ಬಾಗಿಲನ್ನು ಕೊಡೆಯ ಹಿಡಿಯಿಂದ ತಟ್ಟಿ, ಹೊಸ್ತಿಲ ಹೊರಗೇ ನಿಂತು ಕೈಮುಗಿದರು.

"ತಪ್ಪಾತ್ರಿ ಬೀಬಿ. ಬೇಡಾಕ ಬಂದೇನಿ, ಕ್ಷಮಾ ಮಾಡ್ರಿ."

ಆಕೆ ಸೆರಗು ಬಾಯಿಗೆ ಒತ್ತಿಕೊಂಡು, "ಏ, ಏನ್ ಹಚ್ಚೀರಿ ಸಿಸ್ಟರ್, ಒಳಗ ಬರ್ರಿ ಮೊದಲ" ಎಂದಳು.

"ಒಳಗ ಆಮ್ಯಾಲ. ಮೊದಲ ಕ್ಷಮಾ ಕೊಡ್ತೀರೋ ಇಲ್ಲೋ ಹೇಳ್ರಿ. ಇಲ್ಲಂದ್ರ ನಾಳಿ ಮತ್ತ ಬರ್ತೇನಿ."

ಆಕೆ ಅಳುತ್ತ ನಗುತ್ತ ಕೊಟ್ಟಳು. ದೊಡ್ಡ ಸಿಸ್ಟರ್ ಒಳಗೆ ಹೋಗಿ ಆ ಮುದುಕಿಯ ಪಕ್ಕದಲ್ಲಿ ಕುಳಿತು ಒಂದು ತಾಸು ಹರಟೆ ಹೊಡೆದು ಬಂದರು. ದಾರಿಯಲ್ಲಿ ನನಗೆ ಹೇಳಿದ್ದು ಇಷ್ಟು: "ದೇವರ ಕರುಣಾ ಬಾವಿ ನೀರಿದ್ದಂಗ್ರಿ ಟೀಚರ್. ಸೇದಿ ನಾಲ್ಕ ಮಂದಿಗಿ ಕೊಟ್ರ ಹೊಸಾ ನೀರ ಬರ್ತೈತಿ. ನನಗ ಸಾಕು ಅಂತ ಮುಚ್ಚಿಟ್ರ ಪಾಚಿ ಕಟ್ತೈತಿ."

ಆಗಮನ ಕಾಲ ಬಂತೆಂದರೆ ಅವರ ತಿರುಗಾಟ ಶುರುವಾಗುತ್ತಿತ್ತು. ನಾಲ್ಕು ರವಿವಾರ, ನಾಲ್ಕು ತಾಲೂಕು. ಮೊದಲನೆಯದಕ್ಕೆ ಇಂಡಿ, ಎರಡನೆಯದಕ್ಕೆ ಸಿಂದಗಿ, ಮೂರನೆಯದಕ್ಕೆ ಬಸವನ ಬಾಗೇವಾಡಿ, ನಾಲ್ಕನೆಯದಕ್ಕೆ ನಮ್ಮ ಮುದ್ದೇಬಿಹಾಳ. ಒಂದೊಂದು ಊರಿನಲ್ಲಿ ಬೆರಳೆಣಿಕೆಯ ಕ್ರೈಸ್ತ ಮನೆಗಳು. ಇಂಡಿಯಲ್ಲಿ ಒಬ್ಬ ನರ್ಸಮ್ಮ, ಬಾಗೇವಾಡಿಯಲ್ಲಿ ಮೇಸ್ತ್ರಿ ಕೆಲಸಕ್ಕೆ ಬಂದು ನೆಲೆನಿಂತ ಒಂದು ಸಂಸಾರ, ಹೀಗೆ. ಅವರ ಮನೆಗೆ ಹೋಗಿ ಪ್ರಾರ್ಥನೆ ಮಾಡುತ್ತಿದ್ದರು. ಪ್ರಾರ್ಥನೆ ಮುಗಿದ ಕೂಡಲೇ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಈ ವರ್ಷ ಯಾರ ಮನಿ ಜೋಡಿ ಮಾತ ಬಿಟ್ಟೀರಿ?"

ಕ್ರಿಸ್‌ಮಸ್ಸಿಗೆ ಚರ್ಚಿನಲ್ಲಿ ದನದ ಕೊಟ್ಟಿಗೆ ಕಟ್ಟಿ, ಗೋದಲಿಯಲ್ಲಿ ಬಾಲ ಯೇಸುವಿನ ಗೊಂಬೆ ಮಲಗಿಸುತ್ತಾರಲ್ಲ, ಆ ಗೋದಲಿಗೆ ಹಾಸುವ ಕಣಿಕಿ, ಎಂದರೆ ಜೋಳದ ಒಣ ದಂಟು, ಮಾತು ಬಿಟ್ಟ ಮನೆಯಿಂದಲೇ ಬರಬೇಕು. ಇದು ಅವರದೇ ಕಟ್ಟಳೆ. ಯಾವ ಗುರುಗಳೂ ಹೇಳಿಕೊಟ್ಟದ್ದಲ್ಲ. ಜಗಳವಾಡಿದ ಮನೆಗೆ ನೀವೇ ಹೋಗಬೇಕು, ಬಣವಿಯಿಂದ ಒಂದು ಹಿಡಿ ಕಣಿಕಿ ಕೇಳಿ ತರಬೇಕು. ಕೊಟ್ಟವರಿಗೂ ಗೊತ್ತು ಅದು ಯಾತಕ್ಕೆಂದು, ತಂದವರಿಗೂ ಗೊತ್ತು. "ಕೂಸಿನ ಹಾಸಿಗಿ ತೆಳ್ಳಗ ಆದ್ರ ನಿಮ್ಮೆಲ್ಲಾರ ಹಟಾ ದಪ್ಪ ಆಗೇತಿ ಅಂತ ತಿಳೀತೇನಿ" ಎಂದು ಹೆದರಿಸುತ್ತಿದ್ದರು. ಅಣ್ಣತಮ್ಮಂದಿರು, ವಾರಗಿತ್ತಿಯರು, ಬೇಲಿಯ ಆಚೆ ಈಚೆಯವರು ಗೊಣಗುತ್ತಲೇ ಹೋಗಿ ತರುತ್ತಿದ್ದರು. ಹಿಂದೂ ಮನೆಗಳ, ಮುಸಲ್ಮಾನರ ಮನೆಗಳ ಕಣಿಕಿಯೂ ಆ ಗೋದಲಿಯಲ್ಲಿರುತ್ತಿತ್ತು. ಬೇರೆ ಧರ್ಮದ ಟೀಚರುಗಳಾದ ನಮಗೂ ಬಿಡುಗಡೆ ಇರಲಿಲ್ಲ.

ನಾನು ಮೊದಲ ವರ್ಷ ನನ್ನ ಚಿಕ್ಕಪ್ಪನ ಮಗಳ ಮನೆಯಿಂದ ತಂದೆ. ಸೀರೆಯೊಂದರ ಸಲುವಾಗಿ ಎರಡು ತಿಂಗಳು ಮಾತು ಬಿಟ್ಟಿದ್ದೆವು. ದೊಡ್ಡ ಸಿಸ್ಟರ್ ಕಣಿಕಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದು ಸಣ್ಣ ಜಗಳದ್ದು" ಎಂದರು. ಮರುವರ್ಷ ಪಕ್ಕದ ಮನೆಯದು ತಂದೆ. "ಇದೂ ಸಣ್ಣದು." ಮೂರನೆಯ ವರ್ಷ ನನಗೆ ರೇಗಿತು.

"ದೊಡ್ಡ ಜಗಳದ ಮನಿಯಾಗ ದನಾ ಇಲ್ರಿ ಸಿಸ್ಟರ್, ಬಣವೀನೂ ಇಲ್ಲ. ನಾ ಎಲ್ಲಿಂದ ತರ್ಲಿ?"

"ಹಂಗಿದ್ರ ಖಾಲಿ ಕೈಲೆ ಹೋಗಿ ಖಾಲಿ ಕೈಲೆ ಬರ್ರಿ" ಎಂದು ಅವರು ಕಡ್ಡಿ ಮುರಿದಂತೆ ಹೇಳಿದರು.

ಆ ದೊಡ್ಡ ಜಗಳ ಯಾವುದೆಂದು ಈಗ ಹೇಳಬೇಕು. ನನ್ನ ಗಂಡ ಲೈನ್‌ಮನ್ ಆಗಿದ್ದರು. ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿಗೆ ಫೋನು ಮಾಡಿ ಆ ಲೈನಿನ ಕರೆಂಟು ತೆಗೆಸುತ್ತಾರೆ. ಅದಕ್ಕೆ ಅವರು ಎಲ್.ಸಿ. ತೆಗೆದುಕೊಳ್ಳುವುದು ಎನ್ನುತ್ತಾರೆ. ಕೆಳಗಿಳಿದು ಎಲ್.ಸಿ. ವಾಪಸು ಕೊಟ್ಟ ಮೇಲೆಯೇ ಆಪರೇಟರ್ ಮತ್ತೆ ಕರೆಂಟು ಬಿಡಬೇಕು. ಆ ದಿನ ಎರಡು ಬೇರೆ ಲೈನುಗಳ ಮೇಲೆ ಇಬ್ಬರು ಕೆಲಸ ಮಾಡುತ್ತಿದ್ದರು. ಒಬ್ಬ ಕೆಳಗಿಳಿದು ವಾಪಸು ಕೊಟ್ಟ. ಆಪರೇಟರ್ ಎಲ್.ಸಿ. ಬರೆದಿಡುವ ಪುಸ್ತಕ ನೋಡದೆ ಇನ್ನೊಬ್ಬನ ಲೈನಿಗೆ ಕರೆಂಟು ಬಿಟ್ಟ. ಆ ಇನ್ನೊಬ್ಬ ನನ್ನ ಗಂಡ.

ಆಪರೇಟರ್ ಪರಕೀಯನಲ್ಲ. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು, ನಾನು ಬಡಿದ ರೊಟ್ಟಿಯನ್ನೇ. ಸಸ್ಪೆಂಡ್ ಆಯಿತು, ಕೇಸು ನಡೆಯಿತು, ಕಡೆಗೆ ಬಿಡುಗಡೆಯೂ ಆಯಿತು. ಸಿಂದಗಿಯ ಕಡೆ ಮತ್ತೆ ಕೆಲಸ ಕೊಟ್ಟರೆಂದು ಕೇಳಿದೆ. ಅದಕ್ಕೆಲ್ಲ ಮೊದಲು, ಗಂಡನ ದಿನಕರ್ಮ ಮುಗಿಯುವ ಮುಂಚೆಯೇ ಆತ ಹೆಂಡತಿಯನ್ನು ಕರೆದುಕೊಂಡು ನಮ್ಮ ಬಾಗಿಲಿಗೆ ಬಂದಿದ್ದ. ನನ್ನ ತಮ್ಮ ಕತ್ತು ಹಿಡಿದು ಹೊರಗೆ ನೂಕಿದ. ಒಳಗಿದ್ದ ನಾನು ನೂಕಿದ ಸದ್ದು ಕೇಳಿ ಸಂತೋಷಪಟ್ಟೆ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ, ಆಗ ಅದೊಂದೇ ನನಗೆ ಸಿಕ್ಕ ಸಂತೋಷ. ಈ ಜನ್ಮದಲ್ಲಿ ಅವನ ಮುಖ ನೋಡುವುದಿಲ್ಲವೆಂದು ಗಂಡನ ಫೋಟೋದ ಮುಂದೆ ಆಣೆ ಮಾಡಿದೆ. ಮದುವೆಗೆ ಮೊದಲೇ ಶಿಕ್ಷಕರ ತರಬೇತಿ ಮುಗಿಸಿದ್ದೆನಾದ್ದರಿಂದ ಮರುವರ್ಷ ಈ ಶಾಲೆಯಲ್ಲಿ ಕೆಲಸ ಸಿಕ್ಕಿತು. ಕೊಟ್ಟವರು ದೊಡ್ಡ ಸಿಸ್ಟರ್.

ಅವರ ತಿರುಗಾಟದಲ್ಲಿ ಚೀಲ ಹೊರುವವಳು ನಾನೇ. ಇಂಡಿಗೆ ಹೋಗುತ್ತಿದ್ದೆ, ಬಾಗೇವಾಡಿಗೆ ಹೋಗುತ್ತಿದ್ದೆ. ಸಿಂದಗಿಯಲ್ಲಿ ಮಾತ್ರ ಪ್ರತಿ ವರ್ಷ ಒಂದು ವಿಚಿತ್ರ ನಡೆಯುತ್ತಿತ್ತು. ಎಲ್ಲ ಮನೆ ಮುಗಿದ ಮೇಲೆ ನನ್ನನ್ನು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂಡಿಸಿ, "ಇನ್ನೊಂದ ಮನಿ ಐತಿ, ನಾ ಒಬ್ಬಾಕೀನ ಹೋಗಿ ಬರ್ತೇನಿ, ನೀವು ಚಹಾ ಕುಡೀರಿ" ಎಂದು ಹೋಗಿಬಿಡುತ್ತಿದ್ದರು. ಯಾರ ಮನೆಯೆಂದು ಕೇಳಿದರೆ ಹೇಳುತ್ತಿರಲಿಲ್ಲ. ಮುದುಕಿಗೆ ಏನೋ ಗುಟ್ಟಿದೆ ಎಂದು ನಾವು ಟೀಚರುಗಳೆಲ್ಲ ಬೆನ್ನ ಹಿಂದೆ ನಗೆಯಾಡುತ್ತಿದ್ದೆವು.

ಮೂರು ವರ್ಷದ ಹಿಂದೆ ಎಳ್ಳ ಅಮಾವಾಸ್ಯೆ ಕ್ರಿಸ್‌ಮಸ್ಸಿಗಿಂತ ಎರಡು ಮೂರು ದಿನ ಮುಂಚೆ ಬಂತು. ನಮ್ಮ ಕಡೆ ಅಂದು ಊರಿಗೆ ಊರೇ ಹೊಲದಲ್ಲಿರುತ್ತದೆ. ಬುಟ್ಟಿಯಲ್ಲಿ ಸಜ್ಜಿ ರೊಟ್ಟಿ, ಕಡುಬು, ಭಜ್ಜಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ, ಬನ್ನಿಗಿಡದ ಕೆಳಗೆ ಕಲ್ಲು ಪೂಜಿಸಿ, ಬೆಳೆಯ ಸುತ್ತ ಆ ಅಡುಗೆಯನ್ನೇ ಚರಗವೆಂದು ಚೆಲ್ಲಿ ಭೂಮಿತಾಯಿಗೆ ಉಣ್ಣಿಸುತ್ತೇವೆ. ಆಮೇಲೆ ನಾವು ಉಣ್ಣುವುದು. ಆ ದಿನ ಹೊಲದ ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆಯದೆ ಉಣ್ಣಬಾರದು. ಕರೆದವರನ್ನು ಉಣ್ಣಿಸದೆ ಕಳಿಸಬಾರದು. ಕಳಿಸಿದರೆ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ ಎನ್ನುವುದು ನನ್ನ ಅವ್ವನ ಗಟ್ಟಿ ನಂಬಿಕೆ.

ನಾವು ಪೂಜೆ ಮುಗಿಸಿ ಊಟಕ್ಕೆ ಕೂಡಬೇಕೆನ್ನುವಾಗ ಬಂಡಿದಾರಿಯಲ್ಲಿ ಇಬ್ಬರು ಬರುತ್ತಿದ್ದರು. ಕೊಡೆ ನೋಡಿಯೇ ಒಬ್ಬರು ದೊಡ್ಡ ಸಿಸ್ಟರೆಂದು ಗೊತ್ತಾಯಿತು. ಇನ್ನೊಬ್ಬ ತಲೆಗೂ ಗಲ್ಲಕ್ಕೂ ಟವೆಲ್ ಸುತ್ತಿಕೊಂಡು, ಹೆಗಲಿಗೆ ಅವರ ಚೀಲ ಹಾಕಿಕೊಂಡಿದ್ದ. ನನಗೆ ರಜೆಯಿದ್ದುದರಿಂದ ಯಾರನ್ನೋ ಹಿಡಿದು ಚೀಲ ಹೊರಿಸಿದ್ದಾರೆ ಎಂದುಕೊಂಡೆ. ಅವರು ಒಮ್ಮೆಯೂ ನಮ್ಮ ಹೊಲಕ್ಕೆ ಬಂದಿರಲಿಲ್ಲ. ನನಗೆ ಎಲ್ಲಿಲ್ಲದ ಹಿಗ್ಗು. ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದೆ.

"ಸಿಸ್ಟರ್! ಚರಗಾ ಐತಿ, ಉಣ್ಣಾಕ ಬರ್ರಿ! ನಿಮ್ಮ ಜೋಡಿ ಇದ್ದವರನ್ನೂ ಕರ್ಕೊಂಡ ಬರ್ರಿ!"

ದೊಡ್ಡ ಸಿಸ್ಟರ್ ಸೀದಾ ಹೊಲದೊಳಗೆ ಬಂದರು. ಆ ಮನುಷ್ಯ ಹೊಲದಂಚಿನ ಒಡ್ಡಿನ ಮೇಲೆಯೇ ನಿಂತ. ಟವೆಲ್ ಬಿಚ್ಚಿದ. ಬಡಕಲಾಗಿದ್ದ, ಕೂದಲು ಬೆಳ್ಳಗಾಗಿತ್ತು. ಆದರೂ ನೋಡಿದ ಕೂಡಲೇ ಗುರುತು ಸಿಕ್ಕಿತು, ಅದೇ ಆಪರೇಟರ್. ನನ್ನ ತಮ್ಮ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಎದ್ದು ನಿಂತ.

ಆತ ಚೀಲವನ್ನು ಒಡ್ಡಿನ ಮೇಲೆ ಇಟ್ಟು, "ಅಕ್ಕಾರ, ನೀವು ನೋಡದ ಕರದೀರಿ. ಅದರಾಗ ನಿಮ್ಮ ತಪ್ಪಿಲ್ಲ. ನಾ ಹೋಗ್ತೇನಿ, ನೀವು ಉಣ್ರಿ" ಎಂದ.

ನಾನು ದೊಡ್ಡ ಸಿಸ್ಟರ ಮುಖ ನೋಡಿದೆ. ಅವರು ನನ್ನ ಕಡೆ ನೋಡದೆ, ಕೊಡದ ನೀರಿನಲ್ಲಿ ಕೈ ತೊಳೆದುಕೊಂಡು ಅವ್ವನ ಪಕ್ಕದಲ್ಲಿ ಕುಳಿತರು. ಆ ಕ್ಷಣ ಅವರ ಮೇಲೆ ಬಂದ ಸಿಟ್ಟು ಅವನ ಮೇಲೂ ಬಂದಿರಲಿಲ್ಲ. ಒಂಬತ್ತು ವರ್ಷ ಕಾಪಾಡಿಕೊಂಡು ಬಂದ ಆಣೆ ಒಂದು ಕಡೆ, ಕೂಗಿ ಕರೆದ ಬಾಯಿ ಒಂದು ಕಡೆ. ಆತ ತಿರುಗಿ ನಾಲ್ಕು ಹೆಜ್ಜೆ ಹಾಕಿದ್ದ. ಹೋಗಲಿ ಎಂದು ಬಿಟ್ಟಿದ್ದರೆ ಯಾರೂ ನನ್ನನ್ನು ಬೈಯುತ್ತಿರಲಿಲ್ಲ. ಗಂಡ ಇದ್ದಿದ್ದರೆ ಏನು ಮಾಡುತ್ತಿದ್ದರು ಎಂದು ಯೋಚಿಸಲು ಹೋದೆ. ಗೊತ್ತೇ ಇತ್ತು, ಓಡಿಹೋಗಿ ಕೈ ಹಿಡಿದು ಎಳೆದುಕೊಂಡು ಬರುತ್ತಿದ್ದರು. ಅವರ ಸ್ವಭಾವವೇ ಹಾಗಿತ್ತು. ಅದನ್ನು ನೆನೆದಾಗ ಮಾತ್ರ ನನಗೆ ಅಳು ತಡೆಯಲಾಗಲಿಲ್ಲ.

"ನಿಲ್ರಿ" ಎಂದೆ. "ಕರದೇನಿ ಅಂದ ಮ್ಯಾಲ ಉಂಡು ಹೋಗ್ರಿ."

"ಇಲ್ಲೇ ಒಡ್ಡಿನ ಮ್ಯಾಲ ಕೊಡ್ರಿ ಅಕ್ಕಾರ, ಸಾಕು."

"ಒಡ್ಡಿನ ಮ್ಯಾಲ ಕೂತು ಉಣ್ಣಾಕ ನೀವೇನ್ ಭಿಕ್ಷಾದವ್ರಾ? ಒಳಗ ಬರ್ರಿ."

ಮಾತು ಒರಟಾಗಿಯೇ ಬಂತು. ನನ್ನ ಬಾಯಿಯೇ ಹಾಗೆ, ಏನು ಮಾಡಲಿ. ತಮ್ಮ ಬದುವಿನ ಆಚೆ ಹೋಗಿ ಬೆನ್ನು ಮಾಡಿ ಕುಳಿತ. ಆತ ಬಂದು ಕುಳಿತ. ನಾನು ಬಡಿಸಿದೆ. ಆತ ರೊಟ್ಟಿ ಮುರಿದ. ಆಮೇಲೆ ತಟ್ಟೆಯನ್ನೇ ನೋಡುತ್ತ ಹೇಳಿದ: "ಇವತ್ತಿಗೂ ಕರೆಂಟ್ ಬಿಡೋ ಮುಂದ ನನ್ನ ಕೈ ನಿಲ್ತೈತ್ರಿ. ಪುಸ್ತಕ ಮೂರ ಸಲ ಓದತೇನಿ, ಜೋರಲೇ ಓದತೇನಿ. ಹುಡುಗ್ರು ನಗತಾವು. ನಗಲಿ." ನಾನು ಇನ್ನೊಂದು ರೊಟ್ಟಿ ಹಾಕಿದೆ. ಕ್ಷಮಿಸಿದೆ ಎನ್ನುವ ಮಾತು ನನ್ನ ಬಾಯಿಂದ ಬರಲಿಲ್ಲ, ಆತನೂ ಕೇಳಲಿಲ್ಲ.

ಅಂದಿನಿಂದ ನಾನು ದೊಡ್ಡ ಸಿಸ್ಟರ ಮೇಲೆ ಮುನಿದೆ. ಮಾತು ಬಿಟ್ಟೆ. ಶಾಲೆಗೆ ರಜೆ ಬಿದ್ದಿತ್ತು, ಚರ್ಚಿನಲ್ಲಿ ಕೊಟ್ಟಿಗೆ ಕಟ್ಟುವ ಕೆಲಸಕ್ಕೂ ಹೋಗಲಿಲ್ಲ. ಕ್ರಿಸ್‌ಮಸ್ಸಿನ ಹಿಂದಿನ ದಿನ ಮಧ್ಯಾಹ್ನ ನಮ್ಮ ಬಾಗಿಲ ಮೇಲೆ ಕೊಡೆಯ ಹಿಡಿ ತಟ್ಟಿದ ಸದ್ದಾಯಿತು. ಹೊಸ್ತಿಲ ಹೊರಗೆ ಕೈಮುಗಿದುಕೊಂಡು ನಿಂತಿದ್ದರು.

"ಅದು ನಿಮ್ಮ ಹೊಲಾ ಅಂತ ನನಗ ಗೊತ್ತಿತ್ರಿ. ಅವರ ತಾಯಿಗಿ ಆರಾಮಿರಲಿಲ್ಲ, ನೋಡಾಕ ನಿಮ್ಮ ಹೊಲದ ಆಚಿ ಹಳ್ಳಿಗಿ ಹೋಗಿದ್ದೆ. ಬರೋ ಮುಂದ ಬೇರೆ ಹಾದಿ ಹಿಡೀಬಹುದಿತ್ತು, ಹಿಡೀಲಿಲ್ಲ. ಸಿಂದಗ್ಯಾಗ ಪ್ರತಿ ವರ್ಷ ನಿಮ್ಮನ್ನ ಕುಂಡ್ರಿಸಿ ಹೋಗ್ತಿದ್ದ ಮನೀನೂ ಅವರದ. ಅದನ್ನೂ ಮುಚ್ಚಿಟ್ಟೆ. ನಿಮಗ ನೋವಾತು. ಕರುಣಾ ತೋರಸ್ರಿ."

ನಾನು ಬಾಗಿಲಿಗೆ ಅಡ್ಡ ನಿಂತೆ.

"ಈಗ ನೀವು ಮಾತ ಬಿಟ್ಟಿದ್ದು ನನ್ನ ಜೋಡಿ. ಕಣಿಕಿ ಬೇಡೋ ಪಾಳಿ ನಂದು" ಎಂದರು. ಹೇಳಿ ಗೋಡೆಗೆ ಒರಗಿದರು. ಆಗಲೇ ಅವರಿಗೆ ಆರಾಮಿರಲಿಲ್ಲವೆಂದು ಆಮೇಲೆ ತಿಳಿಯಿತು. ನನ್ನ ಸಿಟ್ಟು ಹೇಗೆ ಇಳಿಯಿತೋ ಹೇಳಲಾರೆ. ಹಿತ್ತಲಿಗೆ ಹೋಗಿ ಬಣವಿಯಿಂದ ಎರಡು ಕೈ ತುಂಬ ಹಿರಿದು ತಂದು ಅವರ ಮಡಿಲಿಗೆ ಹಾಕಿದೆ. ಅವರು ಅದನ್ನು ನೋಡಿ, "ಇದು ದೊಡ್ಡ ಜಗಳದ್ದು" ಎಂದು ನಕ್ಕರು. ನಾನೂ ನಕ್ಕೆ.

ಮರುವರ್ಷ ಅವರನ್ನು ಧಾರವಾಡದ ಹತ್ತಿರದ, ವಯಸ್ಸಾದ ಸಿಸ್ಟರುಗಳಿರುವ ಅವರ ಮಠಕ್ಕೆ ಕಳಿಸಿದರು. ಅಲ್ಲಿಂದ ಆಗಾಗ ಫೋನು ಮಾಡಿ, ಹಾಸಿಗೆ ದಪ್ಪ ಇದೆಯೋ ತೆಳ್ಳಗಿದೆಯೋ ವಿಚಾರಿಸುತ್ತಿದ್ದರು. ಆ ಆಪರೇಟರನ ಸುದ್ದಿ ಮಾತ್ರ ಒಮ್ಮೆಯೂ ಕೇಳಲಿಲ್ಲ. ನಾನೂ ಹೇಳಲಿಲ್ಲ, ಹೇಳುವಂಥದ್ದೇನೂ ಇರಲಿಲ್ಲ. ಅಂದು ಹೊಲದಲ್ಲಿ ಉಂಡು ಹೋದ ಮೇಲೆ ನಾವಿಬ್ಬರೂ ಮತ್ತೆ ಮಾತಾಡಿರಲಿಲ್ಲ. ಒಂದು ಊಟ ಹಾಕಿದ್ದೇನೆ, ಕರೆದ ಬಾಯಿಗೆ ಮರ್ಯಾದೆ ಕೊಟ್ಟಿದ್ದೇನೆ, ಅಲ್ಲಿಗೆ ಮುಗಿಯಿತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಸಾವಿನ ಫೋನು ಬಂದ ದಿನ, ಮಕ್ಕಳನ್ನು ಪಕ್ಕದ ಟೀಚರಿಗೆ ಒಪ್ಪಿಸಿ ಹೊರಗೆ ಬಂದಾಗ, ಆತನಿಗೆ ಯಾರು ಹೇಳುತ್ತಾರೆ ಎಂಬ ಯೋಚನೆ ಬಂತು. ಪ್ರತಿ ವರ್ಷ ಆತನ ಮನೆಯ ಬಾಗಿಲು ತಟ್ಟಿದವರು ಅವರೊಬ್ಬರೇ ಇದ್ದಿರಬೇಕು. ನಂಬರು ಹುಡುಕಿ ನಾನೇ ಫೋನು ಮಾಡಿದೆ. ಆತ ಕೇಳಿಕೊಂಡು, "ನಾನೂ ಬರಬಹುದೇನ್ರಿ ಅಕ್ಕಾರ?" ಎಂದ. ಬರ್ರಿ ಎಂದೆ.

ಬಸ್ಸಿನಲ್ಲಿ ಆತ ನನ್ನಿಂದ ಮೂರು ಸೀಟು ಹಿಂದೆ ಕುಳಿತ. ಮಠದಲ್ಲಿ ದೊಡ್ಡ ಸಿಸ್ಟರನ್ನು ಮಲಗಿಸಿದ ಪೆಟ್ಟಿಗೆ ಮಕ್ಕಳದೇನೋ ಎನ್ನುವಷ್ಟು ಸಣ್ಣದಿತ್ತು. ಮಣ್ಣು ಹಾಕುವಾಗ ಆತ ಹಿಂದೆ ನಿಂತಿದ್ದ. ನಾನು ಒಂದು ಹಿಡಿ ಮಣ್ಣು ತೆಗೆದು ಆತನ ಕೈಗೆ ಕೊಟ್ಟೆ. ಹಾಕಿದ. ಮುಗಿದ ಮೇಲೆ ಪಡಸಾಲೆಯಲ್ಲಿ ಬಂದವರಿಗೆಲ್ಲ ಚಹಾ ಕೊಡುತ್ತಿದ್ದರು. ಬೇರೆ ಕಡೆಯಿಂದ ಹೊಸದಾಗಿ ಬಂದ ಎಳೆಯ ಸಿಸ್ಟರೊಬ್ಬಳು ನಮ್ಮಿಬ್ಬರ ಮುಂದೆ ತಟ್ಟೆ ಹಿಡಿದು, ಯಾವ ಊರು ಏನು ಎಂದು ಕೇಳಿದಳು. ಆಮೇಲೆ ಆತನ ಕಡೆ ನೋಡಿ ನಗುತ್ತ, "ಇವರು ನಿಮ್ಮ ಯಜಮಾನರಾ?" ಎಂದಳು.

ಆತ ಚಹಾದ ಕಪ್ಪು ಕೆಳಗಿಟ್ಟ. ಬಾಯಿ ತೆರೆದ. ಏನು ಹೇಳಲು ಹೊರಟಿದ್ದನೆಂದು ನನಗೆ ಗೊತ್ತಿತ್ತು. ಇವರ ಯಜಮಾನರು ಸತ್ತದ್ದು ನನ್ನ ಕೈಯಿಂದ ಎಂದು ಹನ್ನೆರಡು ವರ್ಷಗಳಿಂದ ಎಲ್ಲರ ಮುಂದೆಯೂ ಹೇಳಿಕೊಂಡು ಬಂದಿದ್ದನಂತೆ. ಅವನಿಗಿಂತ ಮೊದಲು ನಾನು ಹೇಳಿದೆ.

"ಅಲ್ರಿ ಸಿಸ್ಟರ್. ಇವರು ನಮ್ಮ ಯಜಮಾನ್ರ ಜೋಡಿ ಕೆಲಸಾ ಮಾಡತಿದ್ರು. ಭಾಳ ಬೇಕಾದವರು."

ಆಕೆ ತಲೆಯಾಡಿಸಿ ಮುಂದಿನವರ ಕಡೆ ಹೋದಳು. ಆತ ನನ್ನ ಮುಖ ನೋಡಿದ. ನಾನು ಸುಳ್ಳು ಹೇಳಿರಲಿಲ್ಲ.